ಮುದುಕಿಯ ಕೆಮ್ಮು

ಅಡುಗೆಮನೆಯಲ್ಲಿ ಯಾರೋ ಕೆಮ್ಮಿದ ಹಾಗಾಯಿತು.

ದೊಡ್ಡ ಕೆಮ್ಮೇನಲ್ಲ. ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವಂಥದ್ದು. ಒಂದು ಎಳೆದ ಉಸಿರು, ಒಂದು ‘ಹುಕ್’, ಅದರ ಬೆನ್ನಿಗೇ ಲೋಹಕ್ಕೆ ಲೋಹ ತಾಗಿದ ಸಣ್ಣ ‘ಠಿಂಗ್’. ಊರೆಲ್ಲ ಮಲಗಿದ ಹೊತ್ತು. ತಂಗಿ ಹಾಸಿಗೆಯಲ್ಲಿ ದಡಕ್ಕನೆ ಎದ್ದು ಕೂತಳು. ಹೆದರುವುದರಲ್ಲಿ ಅವಳು ಯಾರಿಗೂ ಕಡಿಮೆಯಿಲ್ಲ. ಮಲಗುವ ಮುಂಚೆ ಗ್ಯಾಸ್ ನೋಡಿ, ಚಿಲಕ ನೋಡಿ, ಚಿಲಕ ನೋಡುವಾಗ ಗ್ಯಾಸ್ ಮರೆತೆನೇನೋ ಎಂದು ಮತ್ತೆ ಹೋಗಿ ನೋಡುವವಳು. ಆದರೆ ಈಗ ಎದೆ ಹೊಡೆದುಕೊಂಡದ್ದು ಕಳ್ಳನ ಭಯಕ್ಕಲ್ಲ. ಆ ಸದ್ದಿನ ಪರಿಚಯ ಅವಳಿಗಿತ್ತು. ಲಂಗ ತೊಡುವ ವಯಸ್ಸಿನಿಂದಲೂ ಇತ್ತು.

ಅದು ಮುದುಕಿಯ ಕೆಮ್ಮು.

ಮುದುಕಿ ಎಂದರೆ ಹೆಂಗಸಲ್ಲ, ಹಡಗು. ‘ದೂರತೀರ’ ಎಂಬ ಟೀವಿ ಧಾರಾವಾಹಿಯಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಹೊರುತ್ತಿದ್ದ, ಮೈತುಂಬ ತೇಪೆ ಹಾಕಿಸಿಕೊಂಡ ಹಡಗು. ಕಾಗದದ ಮೇಲೆ ಅದಕ್ಕೆ ಉದ್ದದ ಹೆಸರೊಂದಿತ್ತು. ಅದರ ಸಿಬ್ಬಂದಿ ಮಾತ್ರ ಮುದುಕಿ ಎಂದೇ ಕರೆಯುತ್ತಿದ್ದರು. ಬೆಳಕಿಗಿಂತ ವೇಗವಾಗಿ ಜಿಗಿಯುವ ಮುಂಚೆ ಮುದುಕಿ ಒಮ್ಮೆ ಕೆಮ್ಮುವಳು. ಕೆಮ್ಮಿದ್ದೇ ತಡ, ಕ್ಯಾಪ್ಟನ್ ಗೋಡೆ ಹಿಡಿಯುವಳು, ಅಡುಗೆಯವನು ಪಾತ್ರೆ ತಬ್ಬಿಕೊಳ್ಳುವನು, ಹಡಗು ಹಾರುವುದು. ಟೀವಿಯ ಮುಂದೆ ಕೂತ ಅಕ್ಕತಂಗಿಯರೂ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದರು. ಅಮ್ಮ ಬಟ್ಟೆ ಗಿರಣಿಯಲ್ಲಿ ಸಂಜೆ ಪಾಳಿಗೆ ಹೋಗುತ್ತಿದ್ದ ಕಾಲ ಅದು. ಮನೆಯಲ್ಲಿ ಇಬ್ಬರೇ ಮಕ್ಕಳು. ಪ್ರತಿ ಕಂತಿನ ಕೊನೆಗೆ ಮುದುಕಿ ಕೆಮ್ಮಿದಳೆಂದರೆ, ಇನ್ನೇನು ಬಾಗಿಲಲ್ಲಿ ಅಮ್ಮನ ಬೀಗದ ಕೈ ತಿರುಗುತ್ತದೆ ಎಂದು ಅರ್ಥ.

ಈಗ ಅಕ್ಕ ನಗರ ಸಾರಿಗೆಯಲ್ಲಿ ಬಸ್ ಓಡಿಸುತ್ತಾಳೆ. ತಂಗಿ ಸಿನಿಮಾಗಳಿಗೆ ಸದ್ದು ಮಾಡುತ್ತಾಳೆ. ಅಂದರೆ ತೆರೆಯ ಮೇಲೆ ಯಾರೋ ನಡೆದರೆ ಇವಳು ಸ್ಟುಡಿಯೋದಲ್ಲಿ ಅದಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾಳೆ. ಯಾರೋ ಕೋಟು ಬಿಚ್ಚಿದರೆ ಇವಳು ಮೈಕಿನ ಮುಂದೆ ಬಟ್ಟೆ ಕೊಡವುತ್ತಾಳೆ. ಅವಳ ಸ್ಟುಡಿಯೋ ಎಂದರೆ ಮೇಲೊಂದು ಹೊಲಿಗೆ ಅಂಗಡಿಯಿರುವ ನೆಲಮಾಳಿಗೆ. ಅದರ ತುಂಬ ಜಲ್ಲಿಕಲ್ಲಿನ ತಟ್ಟೆ, ಮರಳಿನ ತಟ್ಟೆ, ಕಿತ್ತುಹೋದ ಬೂಟು, ಕಾರಿನ ಬಾಗಿಲು, ಯಾರ ಮನೆಯದೋ ಕಿರುಗುಡುವ ಕಿಟಕಿ. “ನಿನ್ನ ಆಫೀಸಿಗೆ ಬಂದ್ರೆ ಗುಜರಿಯವನಿಗೂ ಕಣ್ಣೀರು ಬರುತ್ತೆ,” ಎಂದು ಅಕ್ಕ ಛೇಡಿಸುತ್ತಿದ್ದಳು.

ಆ ರಾತ್ರಿ ತಂಗಿ ಬರಿಗಾಲಲ್ಲಿ ಅಡುಗೆಮನೆಗೆ ಹೋಗಿ ಕತ್ತಲಲ್ಲೇ ನಿಂತಳು. ಬಹಳ ಹೊತ್ತಿನ ಮೇಲೆ ಮತ್ತೆ ಬಂತು. ಹಳೆಯ ಫ್ರಿಜ್ಜಿನ ಮೋಟಾರು ನಿಲ್ಲುವಾಗ ಉಸಿರೆಳೆದು, ಮೈ ಕೊಡವಿ, ‘ಹುಕ್’ ಎಂದಿತು. ಅದರ ಮೇಲೆ ಅವಳೇ ಸಂಜೆ ಇಟ್ಟಿದ್ದ ಮೊಳೆ-ಸ್ಕ್ರೂಗಳ ಸ್ಟೀಲ್ ಡಬ್ಬಿಯ ಮುಚ್ಚಳ ‘ಠಿಂಗ್’ ಎಂದಿತು. ಕೊಡವಿಕೊಳ್ಳುವುದು ಆ ಫ್ರಿಜ್ಜಿನ ಹಳೆಯ ಚಾಳಿ. ಡಬ್ಬಿ ಮಾತ್ರ ಹೊಸದು. ಇಷ್ಟು ವರ್ಷ ಕೊರತೆಯಿದ್ದದ್ದು ಆ ‘ಠಿಂಗ್’ ಒಂದರದ್ದೇ!

ಅವಳು ಕೆಲಸದ ಚೀಲದಿಂದ ರೆಕಾರ್ಡರ್ ತೆಗೆದು, ಮೈಕನ್ನು ಫ್ರಿಜ್ಜಿನ ಬೆನ್ನಿಗೆ ಹಿಡಿದು, ಉಸಿರು ಬಿಗಿಹಿಡಿದು ಕಾದಳು. ಮೂರನೆಯ ಕೆಮ್ಮು ಸಿಕ್ಕಿತು. ಅದರ ಬಾಲಕ್ಕೇ ಮಲಗುವ ಕೋಣೆಯಿಂದ ಅಕ್ಕನ ದನಿ ಕೇಳಿತು.

“ಯಾರದು? ಕತ್ತಲಲ್ಲಿ ಏನು ಮಾಡ್ತಿದೀಯ?”

“ನೀರು ಕುಡೀತಿದ್ದೆ.”

“ಈ ದರಿದ್ರ ಫ್ರಿಜ್ ಮನುಷ್ಯರನ್ನ ಮಲಗಕ್ಕೆ ಬಿಡಲ್ಲ. ಬೆಳಿಗ್ಗೆ ಎದ್ದು ಬಸ್ಸು ಓಡಿಸ್ಬೇಕು ನಾನು. ಎತ್ತಿ ಬಿಸಾಕ್ತೀನಿ ನೋಡ್ತಿರು,” ಎಂದು ಅಕ್ಕ ಗೊಣಗಿ ಹೊರಳಿ ಮಲಗಿದಳು.

ತಂಗಿಗೆ ನಗು ಬಂತು. ಆದರೆ ನಗುವ ಹಾಗಿರಲಿಲ್ಲ. ‘ದೂರತೀರ’ದ ಹೊಸ ಸಿನಿಮಾ ಬರಲಿದೆ ಎಂಬ ಸುದ್ದಿ ಬಂದಾಗಿನಿಂದ ಅಕ್ಕನ ಮುಂದೆ ಮುದುಕಿಯ ಹೆಸರೆತ್ತುವುದೇ ಕಷ್ಟವಾಗಿತ್ತು. ಹಿಂದೆ ಒಂದು ಬಂದಿತ್ತಲ್ಲ, ಅದರಲ್ಲಿ ಕ್ಯಾಪ್ಟನ್ನನ್ನು ಮೋಸಗಾತಿ ಮಾಡಿ, ಮುದುಕಿಗೆ ಹೊಳೆಯುವ ಬಣ್ಣ ಬಳಿದು ನಿಲ್ಲಿಸಿದ್ದರು. ಅಕ್ಕ ಇಂಟರ್‌ವಲ್‌ಗೆ ಎದ್ದು ಬಂದವಳು, ಗೋಡೆಯ ಪೋಸ್ಟರುಗಳನ್ನೆಲ್ಲ ಕಿತ್ತು ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದಳು. ಉಳಿದದ್ದು ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರುವ ಅಭಿಮಾನಿಗಳ ಕೂಟ ಮಾತ್ರ. ಅಂಗಡಿಯ ಮಾಲೀಕ, ಎಲ್ಲರ ಬಾಯಲ್ಲಿ ಟೈರಣ್ಣ, ಯಾವುದರಲ್ಲೂ ಒಳ್ಳೆಯದನ್ನೇ ಹುಡುಕುವ ಆಸಾಮಿ. ಅಕ್ಕ ಅವನಿಗೆ ತದ್ವಿರುದ್ಧ.

ಹೊಸ ಸಿನಿಮಾದ ಟ್ರೇಲರ್ ಬಂದ ವಾರ ಆ ಕೋಣೆಯಲ್ಲಿ ಇಬ್ಬರೂ ಕಾಲು ಕೆರೆದು ಜಗಳಕ್ಕಿಳಿದಿದ್ದರು.

“ಬಣ್ಣ ಹಳೇದೇ ಇದೆ, ತೇಪೆ ಕೂಡ ಹಾಗೇ ಇದೆ. ಇನ್ನೇನು ಬೇಕು ನಿಮಗೆ?” ಎಂದಿದ್ದ ಟೈರಣ್ಣ.

“ಕೆಮ್ಮೆಲ್ಲಿ? ಜಿಗಿಯೋ ಮುಂಚೆ ಕೆಮ್ಮಲೇ ಇಲ್ಲ. ಜೇನುಹುಳದ ಥರ ಗುಯ್ ಅನ್ನುತ್ತೆ.”

“ಅದು ಬರೀ ಟ್ರೇಲರ್ ಮಾರಾಯ್ರೆ!”

“ಮೈಗೆ ತೇಪೆ ಯಾರು ಬೇಕಾದ್ರೂ ಹಾಕ್ತಾರೆ ಅಣ್ಣ. ಒಳಗೆ ಅವಳೇ ಇದ್ದಾಳಾ ಇಲ್ವಾ, ಅದು ಹೇಳಿ. ಈ ನಿರ್ದೇಶಕಿ ಬರೀ ಅತ್ತೆ-ಸೊಸೆ ಸಿನಿಮಾ ಮಾಡಿದೋಳು. ಅವಳಿಗೇನು ಗೊತ್ತು ಮುದುಕಿ ಅಂದ್ರೆ?” ಅಕ್ಕ ಎದ್ದು ನಿಂತಿದ್ದಳು. “ಇದೂ ಹಾಳಾಯ್ತು ಅಂದ್ರೆ ನಾನು ಈ ಕೂಟಕ್ಕೆ ಬರಲ್ಲ. ಹಳೇ ಕಂತುಗಳನ್ನೂ ಮತ್ತೆ ನೋಡಲ್ಲ. ಮುಗೀತು.”

ಮೂಲೆಯಲ್ಲಿ ಕೂತಿದ್ದ ತಂಗಿಗೆ ಇದು ಬರೀ ಬಾಯಿಮಾತಲ್ಲವೆಂದು ಗೊತ್ತಿತ್ತು. ಅಕ್ಕ ಆಡಿದ್ದನ್ನು ಮಾಡುವವಳು. ಅಮ್ಮ ಹೋದ ಮೇಲೆ ಅವರಿಬ್ಬರೂ ಅಮ್ಮನ ಬಗ್ಗೆ ನೇರವಾಗಿ ಮಾತಾಡಿದ್ದೇ ಕಡಿಮೆ. ಭಾನುವಾರ ಒಂದು ಹಳೆಯ ಕಂತು ಹಾಕಿಕೊಂಡು ಕೂರುವರು. ಕೊನೆಯಲ್ಲಿ ಮುದುಕಿ ಕೆಮ್ಮಿದಾಗ ಇಬ್ಬರ ಕಣ್ಣೂ ತಮಗರಿವಿಲ್ಲದೆ ಬಾಗಿಲ ಕಡೆ ಹೋಗುವುದು. ಅಷ್ಟೇ ಅವರ ಮಾತುಕತೆ. ಅದೂ ನಿಂತುಹೋದರೆ?

ಇನ್ನೊಂದು ಸಂಕಟವಿತ್ತು. ಆ ಹೊಸ ಸಿನಿಮಾದ ಹೆಜ್ಜೆಗಳನ್ನು ಹಾಕುತ್ತಿದ್ದವಳು ತಂಗಿಯೇ. ದೊಡ್ಡ ಕಂಪನಿಯೊಂದು ಅವಳ ನೆಲಮಾಳಿಗೆಗೆ ಆ ಕೆಲಸ ಕೊಟ್ಟಿತ್ತು. ಸಿನಿಮಾ ತೆರೆಗೆ ಬರುವ ತನಕ ತುಟಿ ಬಿಚ್ಚಕೂಡದೆಂದು ಸಹಿ ಹಾಕಿಸಿಕೊಂಡಿತ್ತು. ಅಕ್ಕ ಕೇಳಿದಾಗಲೆಲ್ಲ “ಯಾವುದೋ ಬೂಟಿನ ಜಾಹೀರಾತು,” ಎಂದು ಹೇಳಿ ಅವಳು ಮಾತು ತೇಲಿಸುತ್ತಿದ್ದಳು.

ಮಾರನೆಯ ದಿನ ನೆಲಮಾಳಿಗೆಯಲ್ಲಿ ಅವಳ ಪಾಲಿಗೆ ಬಂದದ್ದು ಜಿಗಿತದ ದೃಶ್ಯ. ಕ್ಯಾಪ್ಟನ್ ಗೋಡೆ ಹಿಡಿದು ತಡವರಿಸುತ್ತಾಳೆ, ಅಡುಗೆಯವನು ಪಾತ್ರೆ ತಬ್ಬುತ್ತಾನೆ, ಇನ್ನೊಬ್ಬ ಮುಗ್ಗರಿಸುತ್ತಾನೆ. ಮೂವರ ಕಾಲಿನ ಸದ್ದೂ ಇವಳೇ ಮಾಡಬೇಕು. ಆದರೆ ಹೊಸ ಸಿನಿಮಾದಲ್ಲಿ ಹಡಗು ಗುಯ್ ಎಂದು ಸುಮ್ಮನೆ ಜಾರುತ್ತಿತ್ತು. ಏನೂ ಅಲ್ಲದ್ದಕ್ಕೆ ಮೂವರು ದೊಡ್ಡವರು ಎಡವುವುದು ಪೆದ್ದುಪೆದ್ದಾಗಿ ಕಾಣುತ್ತಿತ್ತು. ಯಾವ ಕ್ಷಣಕ್ಕೆ ಮುಗ್ಗರಿಸಬೇಕೆಂದು ಅವಳ ಕಾಲಿಗೇ ತಿಳಿಯಲಿಲ್ಲ. ನಾಲ್ಕು ಸಲ ಮಾಡಿದರೂ ಹೆಜ್ಜೆ ಸುಳ್ಳಾಯಿತು.

ಕಡೆಗೆ ಅವಳು ಫ್ರಿಜ್ಜಿನ ಕೆಮ್ಮನ್ನು ಗೈಡ್ ಟ್ರ್ಯಾಕಿನಲ್ಲಿ ಹಾಕಿಕೊಂಡಳು. ಗೈಡ್ ಟ್ರ್ಯಾಕ್ ಎಂದರೆ ಕೆಲಸ ಮಾಡುವವರ ಕಿವಿಗೆ ಮಾತ್ರ ಇರುವ ಸದ್ದು. ಕೆಲಸ ಮುಗಿದ ಮೇಲೆ ಅದನ್ನು ಕೇಳದಂತೆ ಮುಚ್ಚಿ, ಉಳಿದದ್ದನ್ನು ಕಳಿಸುತ್ತಾರೆ. ಹೆಡ್‌ಫೋನಿನಲ್ಲಿ ‘ಹುಕ್... ಠಿಂಗ್’ ಎಂದದ್ದೇ ಅವಳ ಕಾಲು ತಾನಾಗಿ ಮುಗ್ಗರಿಸಿತು, ಕೈ ತಾನಾಗಿ ಪಾತ್ರೆಗೆ ಹೋಯಿತು. ಒಂದೇ ಏಟಿಗೆ ಮೂವರ ಹೆಜ್ಜೆಗಳೂ ಕೂತವು. ಆ ಖುಷಿಯಲ್ಲಿ ಅವಳು ಫೈಲು ಕಳಿಸಿ, ದೀಪ ಆರಿಸಿದ್ದೇನೆಯೇ ಎಂದು ಎರಡು ಸಲ ಹಿಂದಿರುಗಿ ನೋಡಿ, ಬೀಗ ಎಳೆದು ನೋಡಿ ಮನೆಗೆ ಹೋದಳು. ಜಗತ್ತಿನಲ್ಲಿರುವುದೆಲ್ಲವನ್ನೂ ಎರಡೆರಡು ಸಲ ನೋಡುವವಳು ಗೈಡ್ ಟ್ರ್ಯಾಕ್ ಮುಚ್ಚುವುದನ್ನು ಒಂದು ಸಲವೂ ನೋಡಿರಲಿಲ್ಲ.

ಅದು ಗೊತ್ತಾದದ್ದು ಮಿಕ್ಸಿಂಗ್ ಕೋಣೆಯಿಂದ ಕರೆ ಬಂದಾಗ. ಅಲ್ಲಿ ಎಲ್ಲ ಸದ್ದುಗಳನ್ನೂ ಕೂಡಿಸುವ ಮನುಷ್ಯನಿಗೆ ಗೂಬೆ ಎಂದು ಅಡ್ಡಹೆಸರು. ಕತ್ತಲಲ್ಲೇ ಕೂತು ಕೂತು ಅವನ ಕಣ್ಣು ಅಗಲವಾಗಿದ್ದವು. ತಂಗಿ ಒಳಗೆ ಕಾಲಿಟ್ಟಾಗ ಅವನ ಪಕ್ಕದ ಕುರ್ಚಿಯಲ್ಲಿ ನಿರ್ದೇಶಕಿಯೇ ಕೂತಿದ್ದಳು. ಗೂಬೆ ಏನೂ ಹೇಳದೆ ಒಂದು ಗುಂಡಿ ಒತ್ತಿದ.

ದೊಡ್ಡ ಸ್ಪೀಕರುಗಳಲ್ಲಿ ಅವಳ ಅಡುಗೆಮನೆ ಕೆಮ್ಮಿತು.

ತಂಗಿ ಗೂಬೆಯ ಮೇಜಿನ ಹತ್ತಿರ ಓಡಿದಳು. “ಕ್ಷಮಿಸಿ. ಅದು ಗೈಡ್. ಮುಚ್ಚಬೇಕಾಗಿತ್ತು, ಮರೆತೆ. ಇಂಥ ತಪ್ಪು ನಾನು ಯಾವತ್ತೂ...”

“ಇದು ಎಲ್ಲಿ ಸಿಕ್ತು ನಿಮಗೆ?” ನಿರ್ದೇಶಕಿ ಕೇಳಿದಳು. ಅವಳ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. “ಹಳೇ ಟೇಪುಗಳೆಲ್ಲ ಬೂಷ್ಟು ಹಿಡಿದು ಹೋಗಿವೆ. ಕೆಮ್ಮಿನ ಅಸಲಿ ರೆಕಾರ್ಡಿಂಗ್ ಯಾರ ಹತ್ರಾನೂ ಇಲ್ಲ. ಕಂತುಗಳಲ್ಲಿ ಇರೋದು ಸಂಗೀತದ ಜೊತೆ ಬೆರೆತುಹೋಗಿದೆ, ಬೇರೆ ತೆಗೆಯಕ್ಕಾಗಲ್ಲ. ಕಂಡಕಂಡೋರ ಹತ್ರ ಮಾಡಿಸಿದೆ. ಒಬ್ಬ ಲಾರಿ ತಂದ, ಒಬ್ಬ ಹುಲಿ ತಂದ. ಸುಳ್ಳು ಕೆಮ್ಮಿಗಿಂತ ಸುಮ್ಮನಿರೋದೇ ವಾಸಿ ಅಂತ ಆ ಗುಯ್ ಹಾಕಿಸ್ದೆ. ಹಾಕಿಸಿದ ದಿನ ಮನೆಗೆ ಹೋಗಿ ಅತ್ತುಬಿಟ್ಟೆ.”

ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಎದೆ ತಂಗಿಗಿರಲಿಲ್ಲ. “ಇದೂ ಅಸಲಿ ಅಲ್ಲ ಮೇಡಂ. ನಮ್ಮನೆ ಫ್ರಿಜ್ಜು. ಮೇಲೆ ಸ್ಕ್ರೂ ಡಬ್ಬಿ ಇದೆ.”

ಮೊದಲು ಗೂಬೆ ನಕ್ಕ. ನಿರ್ದೇಶಕಿ ನಗುತ್ತ ಕಣ್ಣೊರೆಸಿಕೊಂಡಳು.

“ಎಷ್ಟು ಹಳೇದು ಅದು?”

“ನಮ್ಮಮ್ಮ ತಗೊಂಡಿದ್ದು.”

“ಹಾಗಾದ್ರೆ ಅದೂ ಮುದುಕೀನೂ ಒಂದೇ ವಯಸ್ಸಿನೋರು,” ಎಂದಳು ನಿರ್ದೇಶಕಿ. “ಇದು ಅಸಲಿ ಅಂತ ನಾನು ಯಾರಿಗೂ ಹೇಳಲ್ಲ. ಏನೂ ಹೇಳಲ್ಲ. ಆದ್ರೆ ಇದು ಇಲ್ಲೇ ಇರುತ್ತೆ. ಮತ್ತೆ ಒಂದು ಮಾತು, ದಯವಿಟ್ಟು ಆ ಫ್ರಿಜ್ ಮಾರಬೇಡಿ. ಈ ಸಿನಿಮಾ ಓಡಿದ್ರೆ ಇನ್ನೂ ಎರಡು ಭಾಗ ಇದೆ.”

ಸಿನಿಮಾ ಬಿಡುಗಡೆಯಾದ ದಿನ ಅಕ್ಕ ಬರುವುದಿಲ್ಲವೆಂದು ಹಟ ಹಿಡಿದಳು. ಟೈರಣ್ಣ ಬಂದು ಬಾಗಿಲಲ್ಲಿ ನಿಂತು, “ಬಯ್ಯೋಕಾದ್ರೂ ನೋಡ್ಬೇಕಲ್ಲ ತಾಯಿ,” ಎಂದಾಗ ಆ ಮಾತು ಅವಳಿಗೆ ಸರಿಯೆನಿಸಿ, ಡ್ಯೂಟಿಯ ಬೂಟಿನಲ್ಲೇ ಹೊರಟಳು. ತಂಗಿ ನಡುವೆ ಕೂತಳು. ಸಿನಿಮಾ ಮುಂದೆ ಓಡುತ್ತಿದ್ದರೆ ಅವಳು ನೋಡುತ್ತಿದ್ದದ್ದು ಅಕ್ಕನ ಕೈಯನ್ನು. ಸ್ಟಿಯರಿಂಗ್ ಹಿಡಿದು ದಡ್ಡುಗಟ್ಟಿದ ಆ ಕೈ ಎದೆಯ ಮೇಲೆ ಕಟ್ಟಿಕೊಂಡೇ ಇತ್ತು. ಕ್ಯಾಪ್ಟನ್ ಬಂದಾಗ ಬಿಚ್ಚಲಿಲ್ಲ. ತೇಪೆಯ ಹಡಗು ಕಂಡಾಗಲೂ ಬಿಚ್ಚಲಿಲ್ಲ.

ಜಿಗಿತದ ದೃಶ್ಯ ಬಂತು. ಅಕ್ಕ ಥೂ ಅಂದರೆ? ಡಬ್ಬಿ ಅಂತ ಗೊತ್ತಾದರೆ? ದಿನವೂ ಕೇಳುವ ಸದ್ದಲ್ಲವೇ?

ಹುಕ್. ಠಿಂಗ್.

ಅಕ್ಕನ ಕೈ ಬಿಚ್ಚಿಕೊಂಡು ಬಂದು ತಂಗಿಯ ಮಣಿಕಟ್ಟನ್ನು ಗಪ್ಪನೆ ಹಿಡಿಯಿತು. ಕತ್ತಲಲ್ಲಿ ಅಕ್ಕ ತಿರುಗಿ ನೋಡಿದಳು. ತೆರೆಯ ಕಡೆಗಲ್ಲ, ಪಕ್ಕದಲ್ಲಿ ‘ಹೊರಗೆ’ ಎಂದು ದೀಪ ಹತ್ತಿದ್ದ ಬಾಗಿಲ ಕಡೆಗೆ. ತಂಗಿಯೂ ಅತ್ತಲೇ ನೋಡಿದಳು. ಚಿತ್ರಮಂದಿರದ ತುಂಬ ಜನ ಕುರ್ಚಿಯ ಕೈ ಹಿಡಿದು ಕೂತಿದ್ದರು.

ಕೊನೆಯ ಹೆಸರು ಹೋಗುವ ತನಕ ಯಾರೂ ಏಳಲಿಲ್ಲ. ನೆಲಮಾಳಿಗೆಯ ಹೆಸರೇನೂ ಬರಲಿಲ್ಲ. ಅಂಥ ಸಣ್ಣವರೆಲ್ಲ ದೊಡ್ಡ ಕಂಪನಿಯ ಹೆಸರಿನ ಹೊಟ್ಟೆಯಲ್ಲಿ ಸೇರಿಹೋಗುತ್ತಾರೆ. ಹೊರಗೆ ಫುಟ್‌ಪಾತಿನಲ್ಲಿ ಆಗಲೇ ಜಗಳ ಶುರುವಾಗಿತ್ತು.

“ಕತೆ ನಡುವೆ ಸ್ವಲ್ಪ ಎಳೆದಿದ್ದಾರೆ. ಆ ಹೊಸ ಹುಡುಗಿ ಜಾಸ್ತಿ ಮಾತಾಡ್ತಾಳೆ. ಆದ್ರೆ ಕೆಮ್ಮು ಇದೆಯಲ್ಲ, ಅದು ಅಸಲಿ. ಎಲ್ಲೋ ಟೇಪು ಸಿಕ್ಕಿದೆ ಅವರಿಗೆ,” ಎಂದಳು ಅಕ್ಕ.

“ನನಗೇನೋ ಹೊಸದಾಗಿ ಮಾಡಿದ್ದು ಅನ್ನಿಸ್ತು. ಠಿಂಗ್ ಸ್ವಲ್ಪ ಉದ್ದ ಇತ್ತು,” ಎಂದ ಟೈರಣ್ಣ.

“ಇಂಜಿನ್ ಸದ್ದಲ್ಲೇ ಬಸ್ಸಿನ ಜಾತಕ ಹೇಳೋಳು ನಾನು. ನನ್ನ ಕಿವಿಗೆ ಮೋಸ ಮಾಡ್ತೀರಾ ಅಣ್ಣ?”

ಮನೆಗೆ ನಡೆಯುವ ದಾರಿಯಲ್ಲಿ ತಂಗಿ ಮಾತುಗಳನ್ನು ಜೋಡಿಸಿಕೊಂಡಳು. ಸಿನಿಮಾ ತೆರೆಗೆ ಬಂದಿತ್ತು. ಬಾಯಿಗೆ ಹಾಕಿದ ಬೀಗ ಇಂದಿಗೆ ಬಿಟ್ಟಿತ್ತು. ಈ ದಿನಕ್ಕೇ ಅವಳು ಕಾದಿದ್ದಳು. ಅಡುಗೆಮನೆಯಲ್ಲಿ ಅಕ್ಕ ಬೂಟು ಬಿಚ್ಚುತ್ತ ಕೂತಾಗ, “ಅಕ್ಕ, ನಿನಗೊಂದು ಹೇಳ್ಬೇಕು,” ಎಂದು ಶುರುಮಾಡಿದಳು.

“ತಾಳು, ನಾನು ಮೊದಲು ಹೇಳ್ತೀನಿ.” ಅಕ್ಕ ಬೂಟಿನ ದಾರ ಬೆರಳಿಗೆ ಸುತ್ತಿಕೊಂಡಳು. “ನನಗೆ ಏನು ಭಯ ಇತ್ತು ಗೊತ್ತಾ? ಕತೆ ಕೆಡುತ್ತೆ ಅಂತ ಅಲ್ಲ. ನಾವಿಬ್ಬರೇ ಉಳಿದ್ವಿ, ಇನ್ಯಾರಿಗೂ ಅದು ನೆನಪಿಲ್ಲ ಅಂತ. ಇವತ್ತು ಆ ಭಯ ಹೋಯ್ತು. ಆ ಸಿನಿಮಾದೋರ ನಡುವೆ ಯಾರೋ ಒಬ್ಬರು ಒಳಗೆ ಕೂತಿದ್ದಾರೆ, ಅವರಿಗೂ ನಮ್ಮಷ್ಟೇ ಗೊತ್ತಿದೆ. ಅವರು ಯಾರೋ ಏನೋ, ಚೆನ್ನಾಗಿರಲಿ.”

ಆಗ ಫ್ರಿಜ್ ಉಸಿರೆಳೆದು, ಮೈ ಕೊಡವಿ, ಕೆಮ್ಮಿತು. ಡಬ್ಬಿ ‘ಠಿಂಗ್’ ಎಂದಿತು. ತಂಗಿ ಅಕ್ಕನ ಮುಖ ನೋಡಿದಳು.

“ಥತ್, ಇದೊಂದು ಶನಿ!” ಅಕ್ಕ ಕೈಯಲ್ಲಿದ್ದ ಬೂಟನ್ನೇ ಅದರ ಕಡೆ ಬೀಸಿದಳು. “ಭಾನುವಾರ ಹೊಸದು ತರೋಣ. ಇನ್ನು ತಡಿಯಕ್ಕಾಗಲ್ಲ.”

“ಬೇಡ ಅಕ್ಕ. ಇರಲಿ. ಚೆನ್ನಾಗೇ ಓಡ್ತಿದೆಯಲ್ಲ.”

“ಏನಿದೆ ಅಂಥದ್ದು ಅದರಲ್ಲಿ?”

“ಅಮ್ಮ ತಂದಿದ್ದು.”

ಅಕ್ಕ ಒಂದು ಗಳಿಗೆ ಫ್ರಿಜ್ಜನ್ನೇ ನೋಡಿದಳು. “ಸರಿ, ಇರಲಿ ಬಿಡು,” ಎಂದಳು. ಆಮೇಲೆ, “ನೀನೇನೋ ಹೇಳ್ಬೇಕು ಅಂದೆ?”

ಜೋಡಿಸಿಕೊಂಡಿದ್ದ ಮಾತುಗಳೆಲ್ಲ ತಂಗಿಯ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಹೇಳಿದರೆ ಅಕ್ಕ ಬಿದ್ದು ಬಿದ್ದು ನಗುತ್ತಾಳೆ, ಕೂಟದವರಿಗೆಲ್ಲ ಹೇಳಿ ಮೆರೆಸುತ್ತಾಳೆ. ಆದರೆ ಒಳಗೆ ಕೂತ ಆ ಯಾರೋ ಒಬ್ಬರು ಇಲ್ಲವಾಗುತ್ತಾರೆ. ಮತ್ತೆ ಇವರಿಬ್ಬರೇ ಉಳಿಯುತ್ತಾರೆ. ನಿರ್ದೇಶಕಿ ಕುರ್ಚಿಯ ಹಿಡಿ ಹಿಡಿದು ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಅಂಥ ಒಬ್ಬರು ಅಲ್ಲಿ ಇದ್ದದ್ದು ಸುಳ್ಳೇನಲ್ಲವಲ್ಲ.

“ಏನಿಲ್ಲ. ಭಾನುವಾರ ಯಾವ ಕಂತು ಹಾಕೋಣ ಅಂತ,” ಎಂದಳು.

ಅಕ್ಕ ಮಲಗಲು ಹೋದ ಮೇಲೆ ತಂಗಿ ಗ್ಯಾಸ್ ನೋಡಿದಳು, ಚಿಲಕ ನೋಡಿದಳು. ಸ್ಕ್ರೂ ಡಬ್ಬಿಯನ್ನು ಅಕ್ಕನ ಕೈಗೆ ಸುಲಭವಾಗಿ ಸಿಗದಂತೆ ಫ್ರಿಜ್ಜಿನ ಮೇಲೆಯೇ ಸ್ವಲ್ಪ ಹಿಂದಕ್ಕೆ ಸರಿಸಿ, ಮುಚ್ಚಳ ಸಡಿಲವಾಗಿಯೇ ಇದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿದಳು. ಇದನ್ನು ಯಾರಿಗೂ ಹೇಳುವುದಿಲ್ಲ, ಟೈರಣ್ಣನಿಗೂ ಇಲ್ಲ, ಎಂದು ನಿಶ್ಚಯಿಸಿ ದೀಪ ಆರಿಸಿದಳು. ಆಮೇಲೆ ಅಭ್ಯಾಸದಂತೆ, ಗ್ಯಾಸ್ ಇನ್ನೊಮ್ಮೆ ನೋಡಿದಳು.