ಮೊದಲ ಅಂಕಿ ಒಂಬತ್ತು

ನಿಂಗಣ್ಣ ಕೆ.ಆರ್. ಪುರದ ನನ್ನ ಅಂಗಡಿಗೆ ಬಂದ ದಿನ ನಾನು ಅವನನ್ನು ಬೈದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದೆ, ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಿದೆ. ಪೊರೆ ತೆಗೆಸಿಕೊಳ್ಳುವವರ ಸರದಿ ಬಂದಾಗ ಫೋನಿಗೆ ಸಂದೇಶ ಕಳಿಸುವ ಪ್ರೋಗ್ರಾಂ ನಾನು ಕಂಪ್ಯೂಟರ್ ಭಾಷೆಯಾದ ಪಿಎಚ್‌ಪಿಯಲ್ಲಿ ಬರೆದದ್ದು. ಮೂರು ಸಲ ಕರೆದರೂ ಬಾರದವರ ಹೆಸರು ಪಟ್ಟಿಯಿಂದ ತಾನಾಗಿ ಹೋಗುತ್ತದೆ. ಆ ನಿಯಮವೂ ನನ್ನದೇ. ನಿಂಗಣ್ಣನ ಹೆಂಡತಿ ಭೀಮಬಾಯಿಗೆ ಎರಡು ಸಂದೇಶ ಹೋಗಿದ್ದವು. ಮೂರನೆಯದು ಮರುದಿನ ಬೆಳಿಗ್ಗೆ. ಅದೂ ತಪ್ಪಿದರೆ ಮತ್ತೆ ಹೆಸರು ಬರೆಸಿ ಒಂದು ವರ್ಷ ಕಾಯಬೇಕು. ಆಕೆ ಜೋಳದ ರೊಟ್ಟಿ ತಟ್ಟಿ ಮಾರುವವಳು. ಹಂಚು ಎಲ್ಲಿದೆಯೆಂದು ಕಾಣದೆ ಎರಡೂ ಕೈ ಸುಟ್ಟುಕೊಂಡಿದ್ದಳು.

“ದವಾಖಾನ್ಯಾಗ ಎರಡ ಸಲ ಕಳಿಸೇವಿ ಅಂತಾರ, ನನಗ ಒಂದೂ ಮೆಸೇಜ್ ಬಂದಿಲ್ರಿ ಸಾಹೇಬ್ರ,” ಎಂದ ನಿಂಗಣ್ಣ.

“ಬಂದಿದೆ. ನೀವು ನೋಡಲ್ಲ. ನಿಮ್ಮ ಕಡೆಯೋರದ್ದೆಲ್ಲ ಇದೇ ಕಥೆ. ಊರಿಗೆ ಹೋಗ್ತೀರ, ಸಿಮ್ ಬಿಸಾಕ್ತೀರ, ಆಮೇಲೆ ಬಂದು ಅಳ್ತೀರ.”

“ಸಿಮ್ ಆರು ವರ್ಷದಿಂದ ಇದ ಐತ್ರಿ. ಊರಿಗಿ ಹೋಗಿಲ್ಲ. ಅತ್ತಿಲ್ಲ ಸೈತ.” ಫೋನನ್ನು ನನ್ನ ಮೇಜಿನ ಮೇಲಿಟ್ಟ. “ನನ್ನ ಮುಂದ ಒಂದ್ಸಲ ಕಳಸ್ರಿ.”

ಅವನ ನಂಬರನ್ನು ನನ್ನ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಮಿಗೆ ಕೊಟ್ಟೆ. ಫೋನು ಟಿಣ್ ಎಂದಿತು.

“ನೋಡಿದ್ಯಾ? ಪ್ರೋಗ್ರಾಂ ಸರಿಯಾಗಿದೆ. ಹೊರಡು.”

ಅವನು ಹೊರಡಲಿಲ್ಲ. “ಅಂದ್ರ ನನ್ನ ಫೋನೂ ಸರಿ ಐತಿ, ನಿಮ್ಮ ಪ್ರೋಗ್ರಾಮೂ ಸರಿ ಐತಿ. ದವಾಖಾನ್ಯಾಗಿಂದ ಯಾಕ ಬರವಲ್ದು? ಅಲ್ಲೇ ಹೋಗಿ ನೋಡೂಣ ನಡ್ರಿ.”

ಹಳ್ಳಿ ಶಾಲೆಯಲ್ಲಿ ಹತ್ತನೇ ಕ್ಲಾಸು ಓದಿ, ಹಲಸೂರಿನ ಡಿಟಿಪಿ ಅಂಗಡಿಯಲ್ಲಿ ನೋಡಿ ನೋಡಿ ಈ ಕೆಲಸ ಕಲಿತವನು ನಾನು. ಹದಿನೈದು ವರ್ಷವಾಗಿದೆ. ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯನ್ನು ಟೈಲ್ಸ್ ಹೊರುವ ನಿಂಗಣ್ಣ ಕೇಳಿದ್ದ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಸಿಕ್ಕ ಆಟೋದವರನ್ನೆಲ್ಲ ಬೈದೆ.

ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವವರು ಮಾರಿಯಾ. ನನ್ನ ಮುಖ ನೋಡಿಯೇ, “ಮುನಿರಾಜಪ್ಪ, ಇದು ಕಣ್ಣಿನ ಆಸ್ಪತ್ರೆ. ಬಿಪಿ ನೋಡಲ್ಲ ಇಲ್ಲಿ,” ಎಂದರು.

ಅಲ್ಲಿಯ ಕಂಪ್ಯೂಟರು ಯಾರೋ ದಾನ ಕೊಟ್ಟ ಹಳೆಯದು. ಅದರಲ್ಲಿದ್ದ ಪಿಎಚ್‌ಪಿಯೂ ಅಷ್ಟೇ ಹಳೆಯದು. ಭೀಮಬಾಯಿಯ ಸಂದೇಶ ಯಾವ ನಂಬರಿಗೆ ಹೋಗುತ್ತಿದೆಯೆಂದು ಪರದೆಯ ಮೇಲೆ ತರಿಸಿದೆ. ಒಂಬತ್ತು. ಬರೀ ಒಂಬತ್ತು, ಮುಂದಿನ ಒಂಬತ್ತು ಅಂಕಿಗಳಿಲ್ಲ.

ನಮ್ಮ ಅರ್ಜಿಯಲ್ಲಿ ಮೊಬೈಲಿಗೊಂದು, ಮನೆಯವರದಕ್ಕೊಂದು ಜಾಗವಿದೆ. ಎರಡು ನಂಬರ್ ಕೊಟ್ಟರೆ ಅವು ಹೆಸರು ಬರೆದ ಎರಡು ಖಾನೆಗಳಲ್ಲಿ ಕೂರುತ್ತವೆ. ಒಂದೇ ಕೊಟ್ಟರೆ ಖಾನೆಯಿಲ್ಲ, ಬರೀ ಅಂಕಿಗಳ ಸಾಲು. ‘ಮೊಬೈಲ್ ಎಂಬ ಖಾನೆ ಇದೆಯೇ? ಇದ್ದರೆ ಅದರಲ್ಲಿರುವುದನ್ನು ತೆಗೆದುಕೋ, ಇಲ್ಲದಿದ್ದರೆ ಇಡೀ ಸಾಲನ್ನು ತೆಗೆದುಕೋ’ ಎಂದು ನಾನು ಬರೆದಿದ್ದೆ. ನನ್ನ ಅಂಗಡಿಯ ಹೊಸ ಪಿಎಚ್‌ಪಿ ಅಂಕಿಗಳ ಸಾಲನ್ನು ನೋಡಿ ಖಾನೆ ಇಲ್ಲ ಎನ್ನುತ್ತದೆ. ಆಸ್ಪತ್ರೆಯ ಹಳೆಯದು ಖಾನೆಯ ಹೆಸರನ್ನು ಸೊನ್ನೆ ಎಂದುಕೊಳ್ಳುತ್ತದೆ. ಅದರ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಸೊನ್ನೆ ಎಂದರೆ ಮೊದಲ ಅಂಕಿ. ‘ಇದೆ’ ಎಂದು ಹೇಳಿ ಅದೊಂದನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಸಂದೇಶ ಮುಟ್ಟಿತೇ ಎಂದು ವಿಚಾರಿಸುವ ಸಾಲನ್ನು ನಾನು ಬರೆದೇ ಇರಲಿಲ್ಲ.

“ಒಂದೇ ನಂಬರ್ ಯಾಕೆ ಕೊಟ್ಟೆ?” ಎಂದೆ, ಮೆಲ್ಲಗೆ.

“ಗಂಡ ಹೆಂಡ್ತಿಗಿ ಒಂದ ಫೋನ್ರಿ. ನಮ್ಮ ಓಣ್ಯಾಗ ಎಲ್ಲಾ ಖೋಲ್ಯಾಗೂ ಹಂಗ.”

ಮಾರಿಯಾ ಪಟ್ಟಿ ತೆಗೆದರು. ಒಂದೇ ನಂಬರ್ ಕೊಟ್ಟವರು ಅರವತ್ತಮೂರು ಜನ. ಕೆ.ಆರ್. ಪುರ, ಲಿಂಗರಾಜಪುರದ ಬಾಡಿಗೆ ಕೋಣೆಗಳವರೇ ಹೆಚ್ಚು. ಇಪ್ಪತ್ತೆಂಟು ಹೆಸರು ಆಗಲೇ ಹೋಗಿದ್ದವು. ‘ಈ ಜನ ಬರಲ್ಲ’ ಎಂದು ಎರಡು ವರ್ಷದಿಂದ ಹೇಳಿಕೊಂಡು ತಿರುಗಿದವನು ನಾನು.

ಖಾನೆಗಳಿವೆಯೋ ಬರೀ ಸಾಲೋ ಎಂದು ಮೊದಲು ವಿಚಾರಿಸುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ, ಸಂದೇಶ ಮತ್ತೆ ಕಳಿಸಿದೆ. ನಿಂಗಣ್ಣನ ಕೈಯಲ್ಲಿ ಫೋನು ಟಿಣ್ ಎಂದಿತು. ಅವನು ಸಂದೇಶವನ್ನು ನನ್ನಿಂದ ಎರಡು ಸಲ ಓದಿಸಿಕೊಂಡ. ಮಾರಿಯಾ ಮತ್ತು ನಾನು ಇಪ್ಪತ್ತೆಂಟು ಹೆಸರುಗಳನ್ನೂ ಪಟ್ಟಿಯ ತಲೆಗೆ ಸೇರಿಸಿ, ಒಬ್ಬೊಬ್ಬರಿಗೂ ನಾವೇ ಫೋನ್ ಮಾಡಿದೆವು. ಇಪ್ಪತ್ತಾರು ಜನ ಮೊದಲ ಸಲಕ್ಕೇ ಎತ್ತಿದರು.

ಪೊರೆ ತೆಗೆಸಿಕೊಂಡು ತಿಂಗಳಾದ ಮೇಲೆ ಭೀಮಬಾಯಿ ಗಂಡನ ಜೊತೆ ಅಂಗಡಿಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಗಂಡನಿಗೆ ಹೇಳಿದಳು: “ಬೈದವ್ರು ಇವ್ರೇನು? ನೀ ಹೇಳಿದ್ದು ಕೇಳಿ ಭಾಳ ದೊಡ್ಡ ಆಳು ಅಂದ್ಕೊಂಡಿದ್ದೆ.”

ನಾನು ನಿಂಗಣ್ಣನಿಗೆ ಹೇಳಿದೆ: “ಅವತ್ತು ಹೊರಡು ಅಂದಾಗ ನೀನು ಹೊರಟಿದ್ರೆ ನಾನು ಇನ್ನೂ ನಿಮ್ಮೋರನ್ನೇ ಬೈಕೊಂಡು ಇರ್ತಿದ್ದೆ. ನಿನ್ನಿಂದ ಬಚಾವಾದೆ.”

“ನಿಮ್ಮ ಬಾಗಲದಾಗ ನನ್ನ ಚಪ್ಪಲಿ ಕಾಣ್ಲಿಲ್ರಿ,” ಎಂದ ನಿಂಗಣ್ಣ. “ಅದಕ್ಕ ನಿಂತೆ.”

ಆಕೆ ಬಟ್ಟೆಯ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. ಆರು ರೊಟ್ಟಿ. ತಿರುಗಿಸಿ ತಿರುಗಿಸಿ ನೋಡಿದೆ, ಒಂದರ ಅಂಚೂ ಸುಟ್ಟಿರಲಿಲ್ಲ.