ದೋಣಿ ಅಧ್ಯಾಯದ ಮೂರು ಸಾಲು

ಪುಸ್ತಕಗಳ ಕೊನೆಗೆ ಪದಸೂಚಿ ಮಾಡಿಕೊಡುವುದು ನನ್ನ ಕೆಲಸ. ಯಾವ ಮಾತು ಯಾವ ಪುಟದಲ್ಲಿದೆ ಅಂತ ಊರಿಗೆಲ್ಲ ಹುಡುಕಿಕೊಟ್ಟವಳು, ಮನೆಯಲ್ಲಿದ್ದ ಒಂದು ಪುಸ್ತಕಕ್ಕೆ ಮಾತ್ರ ಹನ್ನೊಂದು ವರ್ಷ ಕೈ ಹಾಕಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನೋದು ಸುಮ್ಮನೆ ಅಲ್ಲ.

ಅದು ಆಟವೊಂದರ ನಿಯಮ ಪುಸ್ತಕ, ಮೂರು ಸಂಪುಟದ್ದು. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸೋದು, ಉಳಿದವರು ಒಂದೊಂದು ಪಾತ್ರವಾಗಿ ಆಡೋದು, ಏನಾಯಿತು ಅಂತ ದಾಳ ಹೇಳೋದು. ನಡೆಸುವವಳು ನಾನು. ತಮ್ಮನದು ವೈದ್ಯನ ಪಾತ್ರ. ಏಳು ವರ್ಷ ಮಗುವಿನ ಹಾಗೆ ಸಾಕಿದ್ದ. ಇಂಥ ಆಟಗಳು ಹುಟ್ಟಿದ ಹೊಸತರ ಪುಸ್ತಕ ಅದು, ಬರೆದವನ ಕೈ ಸೇದಿಹೋಗ! ಗಾಯದ ಮಾತು ಮೊದಲ ಸಂಪುಟದಲ್ಲಿ, ಸಾವಿನದು ಎರಡನೆಯದರಲ್ಲಿ, ಕುದುರೆಗಳ ಪಟ್ಟಿಯ ನಡುವೆ ಮಂತ್ರ. ಪದಸೂಚಿಯಂತೂ ಇಲ್ಲವೇ ಇಲ್ಲ. ಆದರೂ ಅದನ್ನಿಟ್ಟುಕೊಂಡೇ ಎಷ್ಟು ಭಾನುವಾರ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವೋ.

ಒಂದು ಭಾನುವಾರ ವೈದ್ಯನಿಗೆ ಬಾಣ ತಾಗಿ ಜೀವದ ಅಂಕ ಸೊನ್ನೆಗಿಳಿಯಿತು.

"ಸೊನ್ನೆ ಅಂದ್ರೆ ಸತ್ತ," ಅಂದೆ.

"ಎಲ್ಲೋ ಒಂದು ದಾರಿ ಬರೆದಿರ್ತಾರೆ ಅಕ್ಕ. ಒಂದ್ಸಲ ನೋಡು," ಅಂದ ತಮ್ಮ.

"ನಿನಗೊಬ್ಬನಿಗೇ ಬೇರೆ ಪುಸ್ತಕ ಬರೆಸ್ಲಾ? ಎರಡನೇ ಸಂಪುಟ, ಹನ್ನೆರಡನೇ ಪುಟ. ಮುಗೀತು."

ಎಲ್ಲರೂ ನಕ್ಕರು. ಅವನು ಪಾತ್ರದ ಹಾಳೆ ಮಡಿಸಿ ಜೇಬಿಗಿಟ್ಟು ಎದ್ದು ಹೋದ. ಆಮೇಲೆ ಹನ್ನೊಂದು ವರ್ಷ ನಮ್ಮ ಮನೆ ಹೊಸಿಲು ತುಳಿಯಲಿಲ್ಲ. ನಾನೂ ಕರೆಯಲಿಲ್ಲ, ನನಗೂ ಮೂಗಿನ ತುದಿಯಲ್ಲೇ ಕೋಪ.

ಕಳೆದ ತಿಂಗಳು ಅವನ ಹೆಂಡತಿ ಫೋನ್ ಮಾಡಿದಳು. "ಡಾಕ್ಟರು ಕೈಚೆಲ್ಲಿದ್ದಾರೆ. ಕಣ್ಣೂ ಕಾಣಿಸ್ತಿಲ್ಲ. ನಿದ್ದೆಯಲ್ಲಿ ಆ ಆಟದ್ದೇ ಕನವರಿಕೆ."

ಫೋನಿಟ್ಟವಳೇ ಮೂರೂ ಸಂಪುಟ ಕೆಳಗಿಳಿಸಿ, ಚೀಟಿ ಕತ್ತರಿಸಿ, ಪದಸೂಚಿ ಮಾಡೋಕೆ ಕೂತೆ. ಬರಿಗೈಲಿ ಅವನ ಮುಂದೆ ನಿಲ್ಲೋ ಮುಖ ನನಗಿರಲಿಲ್ಲ. ಎರಡನೇ ದಿನ ಮಧ್ಯಾಹ್ನ, ಮೂರನೇ ಸಂಪುಟದ ದೋಣಿ ಪ್ರಯಾಣದ ಅಧ್ಯಾಯದಲ್ಲಿ, ಮೂರು ಸಾಲು ಕಣ್ಣಿಗೆ ಬಿತ್ತು. ಸೊನ್ನೆಗಿಳಿದವನ ಪರವಾಗಿ ಬೇರೊಬ್ಬರು ಒಂದೇ ಒಂದು ಸಲ ದಾಳ ಹಾಕಬಹುದು; ನಾಲ್ಕೋ ಹೆಚ್ಚೋ ಬಿದ್ದರೆ ಅವನು ಬದುಕುತ್ತಾನೆ. ದೋಣಿಯ ಅಧ್ಯಾಯದಲ್ಲಿ! ಚೀಟಿಯ ಮೇಲೆ 'ಸಾವು, ತಪ್ಪಿಸುವ ಬಗೆ' ಅಂತ ಬರೆದು, ಪುಸ್ತಕ ಹಿಡಿದು ಆಸ್ಪತ್ರೆಗೆ ಓಡಿದೆ.

ಪಕ್ಕದಲ್ಲಿ ಕೂತು ಓದಿ ಹೇಳಿದೆ. ತಮ್ಮ ಗೋಡೆ ಕಡೆ ಮುಖ ಮಾಡಿಯೇ ಕೇಳಿಸಿಕೊಂಡ.

"ಆ ವಾರವೇ ಬೇರೊಬ್ಬರ ಪುಸ್ತಕದಲ್ಲಿ ಸಿಕ್ಕಿತ್ತು ನಂಗೆ," ಅಂದ.

"ಹೇಳೋಕೇನಾಗಿತ್ತೋ ನಿಂಗೆ, ಕತ್ತೆ?"

"ನೀನು ಹುಡುಕ್ತೀಯ ಅಂತ ಕಾದೆ."

ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಅವನೇ, "ದಾಳ ತಂದಿದ್ದೀಯಾ? ಹಾಕು," ಅಂದ.

ಊಟದ ತಟ್ಟೆಯಲ್ಲಿ ಹಾಕಿದೆ. ಅದು ಉರುಳಿ ನಿಲ್ಲೋವರೆಗೂ ಅವನು ಕಿವಿಗೊಟ್ಟು ಕಾದ. ಆಟದಲ್ಲಿ ಯಾರಿಗೂ ಒಂದಂಕ ಬಿಟ್ಟುಕೊಟ್ಟವಳಲ್ಲ ನಾನು. ಬಿದ್ದದ್ದು ಎರಡು.

"ಎಷ್ಟಕ್ಕ?"

"ಐದು ಕಣೋ. ಬದುಕಿದ."

ಬಾಗಿಲ ಹತ್ತಿರ ನಿಂತಿದ್ದ ಅವನ ಹೆಂಡತಿ ದಾಳ ನೋಡಿದಳು, ನನ್ನ ಮುಖ ನೋಡಿದಳು.

"ಹಾಗಾದ್ರೆ ಭಾನುವಾರ ಬಾ, ಆಡೋಣ," ಅಂದ ತಮ್ಮ.

ಶುಕ್ರವಾರ ಹೋಗಿಬಿಟ್ಟ.