ಹೆಮ್ಮರಗಾಲದ ಬಸವನ ಕೆಚ್ಚಲು

ರುದ್ರಮ್ಮನ ಹೊಲದ ಬದುವಿನಲ್ಲಿದ್ದ ಕಲ್ಲಿನ ಬಸವನನ್ನು ಹೆಂಗಸರು ಮುಟ್ಟುವಂತಿರಲಿಲ್ಲ. ಹೊಲ ಅವಳದು, ಬಸವನಿಗೆ ಹಚ್ಚುವ ಎಣ್ಣೆ ಅವಳದು, ಮುಟ್ಟುವ ಹಕ್ಕು ಮಾತ್ರ ಪೂಜೆಯ ಗಂಗಾಧರಸ್ವಾಮಿಗಳದು. ಹೆಮ್ಮರಗಾಲದಲ್ಲಿ ಯಾರ ಹಸು ಕರು ಹಾಕಿದರೂ ಮೊದಲ ಗಿಣ್ಣು ಹಾಲು ಬಸವನಿಗೆ ಮೀಸಲು. ಅವನ ತಲೆಗೆ ಒಂದು ಉದ್ಧರಣೆ ಬಿದ್ದರೆ, ಉಳಿದದ್ದು ಏಲಕ್ಕಿ ಬೆಲ್ಲದ ಜೊತೆ ಸ್ವಾಮಿಗಳ ಮನೆಯ ಒಲೆ ಏರುತ್ತಿತ್ತು. ದೇವರ ಹೊಟ್ಟೆ ಸಣ್ಣದು, ಪಾಪ.

ರುದ್ರಮ್ಮನ ಕೆಂದ ಹಸು ಎರಡು ಸಲ ದಿನ ತುಂಬುವ ಮೊದಲೇ ಕಂದು ಹಾಕಿತ್ತು. ಈ ಸಲದ ಕರು ಉಳಿದರೆ ಕೈಯಾರೆ ಹಾಲೆರೆಯುತ್ತೇನೆಂದು ಅವಳು ಹರಕೆ ಹೊತ್ತಳು. ಕರು ಹುಟ್ಟಿ ಎದ್ದು ನಿಂತಿತು. ಬೆಳಿಗ್ಗೆ ಚೊಂಬು ಹಿಡಿದು ಹೋದರೆ ಸ್ವಾಮಿಗಳು ತಡೆದರು. ಗಂಡು ದೇವರಿಗೆ ಹೆಂಗಸಿನ ಕೈ ಆಗದು, ಚೊಂಬು ಅಲ್ಲೇ ಇಟ್ಟು ಹೋಗು, ಫೋಟೋ ಆದ ಮೇಲೆ ನೋಡೋಣ ಎಂದರು.

ಫೋಟೋ ಎಂದರೆ, ಹಳೆಯ ಕಲ್ಲುಗಳ ಹುಚ್ಚು ಹತ್ತಿದ್ದ ಸೋಸಲೆಯ ಕೃಷ್ಣಮೂರ್ತಿ ಮೇಷ್ಟ್ರು ಅಂದು ಬಸವನನ್ನು ತೊಳೆಸಿ ಪೇಪರಿಗೆ ಬರೆಯುವವರಿದ್ದರು. ಸ್ವಾಮಿಗಳು ಹೊಸ ಶಾಲು ಹೊದ್ದು ಪಕ್ಕದಲ್ಲೇ ನಿಂತಿದ್ದರು.

ಬಸವ ಹೊಟ್ಟೆಯವರೆಗೆ ಹೂತಿದ್ದ. ಮೇಷ್ಟ್ರು ಸುತ್ತ ಮಣ್ಣು ತೆಗೆಸಿ, ಕುಂಚದಲ್ಲಿ ಉಜ್ಜಿ, ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಬಸವನಿಗೆ ಕೆಚ್ಚಲಿತ್ತು, ನಾಲ್ಕು ಮೊಲೆಗಳ ಸಮೇತ.

ಗುಡಿ ಕಟ್ಟುವುದನ್ನು ಕಲಿಯುವುದಕ್ಕೂ ಎಷ್ಟೋ ಮೊದಲು ಇಲ್ಲಿ ದನ ಮೇಯಿಸಿಕೊಂಡಿದ್ದ ಜನ ತಮ್ಮ ಹಸುವನ್ನೇ ಕಡೆದಿರಬೇಕು ಎಂದು ಮೇಷ್ಟ್ರು ವಿವರಿಸಿದರು. ಸ್ವಾಮಿಗಳು ಒಪ್ಪಲಿಲ್ಲ. ಅದು ಬರೀ ಕಲ್ಲಿನ ಗಂಟು, ಅಲ್ಲದೆ ದೇವರೆಂದ ಮೇಲೆ ಏನು ಬೇಕಾದರೂ ಇರಬಹುದು ಎಂದರು.

ಚೊಂಬು ಬಿಟ್ಟು ಹೋಗದೆ ಅಲ್ಲೇ ನಿಂತಿದ್ದ ರುದ್ರಮ್ಮ ಯಾರನ್ನೂ ಕೇಳದೆ ಗುಂಡಿಗಿಳಿದಳು. ನಲವತ್ತು ವರ್ಷ ಹಾಲು ಕರೆದ ಕೈಯನ್ನು ಕೆಚ್ಚಲಿಗಿಟ್ಟಳು. ಮೂರು ಮೊಲೆಗಳು ಒರಟಾಗಿದ್ದವು. ಬಲಗಡೆಯ ಮುಂದಿನದು ಮಾತ್ರ ಹಳೆ ಮನೆಯ ಹೊಸಿಲಿನ ಹಾಗೆ ಸವೆದು ನುಣ್ಣಗಾಗಿತ್ತು. ಅವಳು ದಿನಾ ಮೊದಲು ಕೈಯಿಡುವ ಮೊಲೆಯೂ ಅದೇ. ಎಷ್ಟು ಜನ ಹೆಂಗಸರೋ, ಎಷ್ಟು ಹರಕೆಗಳೋ ಎಂದು ಅವಳ ಕಣ್ಣು ತುಂಬಿ ಬಂತು.

"ಅಯ್ನೋರೆ, ನಿಮ್ಗಿಂತ ಮುಂಚೇನೇ ಇದ ಮುಟ್ಟವ್ರೆ ಕಣಿ," ಎಂದಳು. "ಆಲು ಕರ್ಯೋರ ಕೈ ಸವೆಸಿರೋದು ಇದು. ನಂಗೊತ್ತಾಯ್ತದೆ."

ಚೊಂಬೆತ್ತಿ ಬೆನ್ನ ಮೇಲೆ ಸುರಿದಳು, ಒಂದು ತೊಟ್ಟೂ ಉಳಿಸಲಿಲ್ಲ. ಹಾಲು ಪಕ್ಕೆಯ ಮೇಲಿಂದ ಇಳಿದು, ಸವೆದ ಆ ಮೊಲೆಯ ತುದಿಯಿಂದ ತೊಟ್ಟಿಕ್ಕತೊಡಗಿತು. ಮೇಷ್ಟ್ರು ಫೋಟೋ ತೆಗೆದರು. ಅದರಲ್ಲಿ ಸ್ವಾಮಿಗಳೂ ಇದ್ದಾರೆ, ಖಾಲಿ ಚೊಂಬನ್ನೇ ನೋಡುತ್ತಿದ್ದಾರೆ. ಅವರ ಮನೆಯಲ್ಲಿ ಬೆಲ್ಲ ಆಗಲೇ ಕುಟ್ಟಿಟ್ಟಾಗಿತ್ತು.